ಅಪ್ಪನ ಮಾರಿಸ್ ಗಾಡಿಯ ಎಡಗೈ

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥವನ್ನೆಲ್ಲ ನಾನು ನಂಬುವವಳಲ್ಲ. ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಬ್ಯಾಟರಿಯಿಂದ ಹೊರಟ ತಂತಿ ಬಲ್ಬನ್ನು ಮುಟ್ಟಿ ಮತ್ತೆ ಬ್ಯಾಟರಿಗೆ ಬಂದು ಸೇರದಿದ್ದರೆ ದೀಪ ಹತ್ತುವುದಿಲ್ಲ ಎಂದು ಎಷ್ಟು ಮಕ್ಕಳಿಗೆ ಬಾಯಿ ನೋಯುವಷ್ಟು ಹೇಳಿದ್ದೇನೋ. ಯಾರಾದರೂ ದೆವ್ವದ ಕಥೆ ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ಅಂಥದೊಂದನ್ನು ನಾನೇ ಹೇಳಲು ಕೂತಿದ್ದೇನಲ್ಲ, ಅದಕ್ಕೇ ನನಗೆ ಸಿಟ್ಟು. ನೀವು ನಂಬಲೇಬೇಕೆಂಬ ಹಟವೇನೂ ಇಲ್ಲ. ನಂಬದಿದ್ದರೆ ನಿಮ್ಮ ಮೇಲೆ ನನಗೆ ಗೌರವ ಹೆಚ್ಚೇ ಆದೀತು.

ನಮ್ಮಪ್ಪ ನರಗುಂದದಲ್ಲಿ ಹತ್ತಿ ವ್ಯಾಪಾರಿ. ಅವರ ಹತ್ತಿರ ಒಂದು ಮಾರಿಸ್ ಮೈನರ್ ಕಾರಿತ್ತು, ವಿಲಾಯತಿಯದು, ಬೂದು ಬಣ್ಣದ್ದು, ಆಮೆಯಂತೆ ದುಂಡು ಬೆನ್ನಿನದು. ಹತ್ತಿ ನೋಡಲು ಯಾವಗಲ್, ಪುರ್ತಗೇರಿ ಎಂದು ಅದರಲ್ಲೇ ಊರೂರು ತಿರುಗುತ್ತಿದ್ದರು. ಆ ಗಾಡಿಗೆ ಈಗಿನಂತೆ ತಿರುವಿನ ದೀಪ ಇರಲಿಲ್ಲ. ಮುಂದಿನ ಬಾಗಿಲುಗಳ ಹಿಂದೆ, ಎರಡೂ ಬದಿಯ ಕಂಬದಲ್ಲಿ ಗೇಣುದ್ದದ ಒಂದೊಂದು ಕೈ ಅಡಗಿರುತ್ತಿತ್ತು. ಗುಂಡಿ ಹೊರಳಿಸಿದರೆ ಆ ಕೈ ಹೊರಗೆ ಎದ್ದು ನಿಲ್ಲುತ್ತಿತ್ತು, ಅದರೊಳಗೆ ಕಿತ್ತಳೆ ಬಣ್ಣದ ಸಣ್ಣ ದೀಪ ಹತ್ತುತ್ತಿತ್ತು. ನಮ್ಮ ಗಾಡಿಯ ಎಡಗೈ ಮಾತ್ರ ಸದಾ ಸಿಕ್ಕಿಕೊಳ್ಳುತ್ತಿತ್ತು. ಅಪ್ಪನ ಎಡಕ್ಕೆ ಕೂರುತ್ತಿದ್ದವಳು ನಾನು. ತಿರುವು ಬಂದಾಗ ಅಪ್ಪ "ಗುದ್ದವ್ವಾ" ಎನ್ನುತ್ತಿದ್ದರು. ನಾನು ಹಿಂದಕ್ಕೆ ಹೊರಳಿ ಕಂಬಕ್ಕೆ ಮುಷ್ಟಿಯಿಂದ ಒಂದು ಬಿಡುತ್ತಿದ್ದೆ, ಕೈ ಏಳುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತ ಅಣ್ಣನಿಗೆ ಆ ಕೆಲಸ ಒಮ್ಮೆಯೂ ಸಿಗಲಿಲ್ಲ.

ಗಾಡಿ ಓಡಿಸಲು ಅಪ್ಪ ಕಲಿಸಿದ್ದೂ ನನಗೇ. ಆದರೆ ಗಾಡಿ ಯಾರಿಗೆ ಎಂದು ಕಡೆಗೂ ಬಾಯಿ ಬಿಡಲಿಲ್ಲ. ಅವರು ತೀರಿಕೊಂಡ ಮೇಲೆ ಅದು ಅಣ್ಣನ ಪಾಲಿಗೆ ಹೋಯಿತು. ಯಾರೂ ಕೊಡಲಿಲ್ಲ, ಯಾರೂ ಕೇಳಲಿಲ್ಲ, ಗಂಡುಮಗ ಎಂದು ತಾನಾಗಿ ಹೋಯಿತು. ಅಣ್ಣ ಅದನ್ನು ಚಿಕ್ಕನರಗುಂದದ ಹೊಲದ ಕೊಟ್ಟಿಗೆಗೆ ತಳ್ಳಿಸಿದ. ಸೀಟಿನ ಮೇಲೆ ಕೋಳಿ ಕಾವಿಗೆ ಕೂತವು, ಡಿಕ್ಕಿಯಲ್ಲಿ ಕಡಲೆ ಹೊಟ್ಟು ತುಂಬಿದರು, ತಂತಿಯನ್ನೆಲ್ಲ ಇಲಿ ತಿಂದವು. ಹೋದಾಗೆಲ್ಲ ನೋಡಿ ಹೊಟ್ಟೆ ಉರಿಯುತ್ತಿತ್ತು. ನಿವೃತ್ತಳಾದ ಮೇಲೆ ಒಂದು ದಿನ ನೇರವಾಗಿ ಕೇಳಿಯೇಬಿಟ್ಟೆ. ಅಣ್ಣ ಎಲೆಅಡಿಕೆ ಅಗಿಯುತ್ತ, "ಒಯ್ಯವ್ವಾ, ಕೊಟ್ಟಿಗಿ ಖಾಲಿ ಆಗ್ತೈತಿ" ಎಂದ. ಈ ಮಾತು ನೆನಪಿಟ್ಟುಕೊಳ್ಳಿ. ಅವನು ಮರೆತ.

ರೋಣದ ನನ್ನ ಮನೆಯ ಅಂಗಳದಲ್ಲಿ ತಗಡು ಹೊದಿಸಿ ಗಾಡಿ ನಿಲ್ಲಿಸಿಕೊಂಡೆ. ಮೂರು ವರ್ಷ ಅದೇ ನನ್ನ ಶಾಲೆ, ಅದೇ ನನ್ನ ದೇವರ ಮನೆ. ತುಕ್ಕು ಉಜ್ಜಿ ಉಜ್ಜಿ ಬೆರಳಿನ ಗೆರೆ ಸವೆದವು. ಕಾರ್ಬ್ಯುರೇಟರು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ, ಬ್ರೇಕು ಹೊಸದು ಮಾಡಿಸಿದೆ, ಕೊಳೆತ ನೆಲಕ್ಕೆ ಹೊಸ ತಗಡು ಬೆಸುಗೆ ಹಾಕಿಸಿದೆ, ತಂತಿ ಪೂರ್ತಿ ನಾನೇ ಎಳೆದೆ. ಓಣಿಯ ಹೆಂಗಸರು "ಟೀಚರಿಗೆ ತಲಿ ಕೆಟ್ಟೈತಿ" ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಎಂಜಿನ್ ಮೊದಲ ಸಲ ಕೆಮ್ಮಿ ಹತ್ತಿದಾಗ ನಾನು ಅಲ್ಲೇ ಕೂತು ಅತ್ತಿದ್ದೇನೆ.

ಉಳಿದದ್ದು ಎಡಗೈ ಒಂದೇ. ಅದಕ್ಕೆ ಹೋಗುವ ತಂತಿಯನ್ನು ಜೋಡಿಸದೆ, ತುದಿಗೆ ಟೇಪು ಸುತ್ತಿ ಬಿಟ್ಟಿದ್ದೆ. ಅಷ್ಟರಲ್ಲಿ ದಸರೆಯ ಖಂಡೇಪೂಜೆ ಬಂತು. ಅವತ್ತು ನಮ್ಮಲ್ಲಿ ಕೆಲಸದ ಸಾಮಾನುಗಳನ್ನೆಲ್ಲ ತೊಳೆದು ಪೂಜೆಗೆ ಇಡುತ್ತಾರೆ, ಮತ್ತೆ ಅವನ್ನು ಮುಟ್ಟುವಂತಿಲ್ಲ. ನಾನು ದೇವರು ದಿಂಡರು ಎಂದು ಹೆಚ್ಚು ಮಾಡುವವಳಲ್ಲ, ಆದರೆ ಅವ್ವ ಮಾಡಿಕೊಂಡು ಬಂದದ್ದನ್ನು ಬಿಟ್ಟವಳೂ ಅಲ್ಲ. ಪಾನಾ, ಸುತ್ತಿಗೆ, ಇಕ್ಕಳ, ಎಲ್ಲವನ್ನೂ ಜಗಲಿಯ ಮೇಲೆ ಜೋಡಿಸಿದೆ. ಗಾಡಿಯ ಬ್ಯಾಟರಿಯನ್ನೂ ಬಿಚ್ಚಿ ತಂದು ಇಟ್ಟೆ. ಅದು ವಿಭೂತಿ, ಕುಂಕುಮ ಹಚ್ಚಿಕೊಂಡು, ಚೆಂಡು ಹೂ ಮುಡಿದು ದೇವರ ಮುಂದೆ ಕೂತಿತ್ತು.

ಮಧ್ಯಾಹ್ನದ ಊಟ ಮುಗಿದಿತ್ತು. ಓಣಿಯಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಅಣ್ಣನೇ ಓಡಿಸಿಕೊಂಡು ಬಂದಿದ್ದ. ಟ್ರ್ಯಾಕ್ಟರಿಗೂ ಪೂಜೆಯಾಗಿತ್ತು, ಬಾಳೆಕಂಬ ಕಟ್ಟಿದ್ದರು. ಹಬ್ಬಕ್ಕೆ ತಂಗಿಯ ಮನೆಗೆ ಬಂದಿದ್ದಾನೆ ಎಂದು ಚಹಾಕ್ಕೆ ಇಡಲು ಒಳಗೆ ಹೊರಟಿದ್ದೆ. ಅವನು ಚಹಾಕ್ಕೆ ಬಂದಿರಲಿಲ್ಲ. ಕೈಯಲ್ಲಿ ಹಗ್ಗವಿತ್ತು.

"ಬೀಗರಿಗೆ ಮಾತು ಕೊಟ್ಟೀನಿ" ಎಂದ. "ಅವರ ಹೊಸಾ ಮಂಗಲ ಕಾರ್ಯಾಲಯದ ಮುಂದ ನಿಲ್ಲಸ್ತಾರಂತ. ಮ್ಯಾಲಿನ ತಗಡು ಕೊಯ್ದು ಒಳಗ ಹೂವಿನ ಗಿಡಾ ಹಚ್ತಾರ. ಮದಮಕ್ಕಳು ಮುಂದ ನಿಂತು ಫೋಟೋ ತಗಸ್ಕೋತಾರ. ಇವತ್ತ ದಿನಾ ಚಲೋ ಐತಿ."

"ಒಯ್ಯಿ ಅಂದಾಂವ ನೀನ ಅಲ್ಲ?"

"ಇಟ್ಕೋ ಅಂದಿದ್ದೆ, ನಿಂದು ಅಂದಿದ್ದಿಲ್ಲ. ಗಾಡಿ ಅಪ್ಪಂದು. ಅಪ್ಪಂದು ಅಂದ್ರ ಯಾರದು?"

ನನ್ನ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷ ನಾನು ತುಕ್ಕು ಉಜ್ಜಿದ್ದು ಇವನ ಬೀಗರು ಹೂಗಿಡ ನೆಡಲಿ ಎಂದೇ? "ಗಾಡಿಗೆ ಕೈ ಹಚ್ಚಿದಿ ಅಂದ್ರ ತವರಮನಿ ಸಂಬಂಧ ಇವತ್ತಿಗೆ ಮುಗೀತು, ತಿಳಕೋ" ಎಂದೆ. ಅವನು ಕೇಳದವನಂತೆ ಬಗ್ಗಿ ಮುಂದಿನ ಅಚ್ಚಿಗೆ ಹಗ್ಗ ಬಿಗಿದ. ಹ್ಯಾಂಡ್ ಬ್ರೇಕು ಬಿಡಿಸಲು ಎಡಬಾಗಿಲಿನ ಕಡೆಗೆ ಬಂದ. ಬಾಗಿಲಿಗೆ ಇನ್ನೂ ಕೈ ಇಟ್ಟಿರಲಿಲ್ಲ.

ಟಕ್ ಎಂದಿತು. ಎಡಗೈ ಎದ್ದು ನಿಂತಿತು, ಅಣ್ಣನ ಎದೆಗೆ ನೇರವಾಗಿ. ಒಳಗಿನ ದೀಪ ಹತ್ತಿತ್ತು.

ನಾನು ಮೊದಲು ಯೋಚಿಸಿದ್ದು ವಿಜ್ಞಾನವನ್ನೇ. ಅದುರಿದರೆ ಕೈ ಏಳಬಹುದು, ಆದರೆ ಟ್ರ್ಯಾಕ್ಟರು ಬಂದ್ ಆಗಿತ್ತು. ಬಿಸಿಲು ಬಿದ್ದು ಗಾಜು ಹೊಳೆದಿರಬಹುದು, ಆದರೆ ಗಾಡಿ ತಗಡಿನ ನೆರಳಿನಲ್ಲಿತ್ತು. ಜಗಲಿ ಇಳಿದು ಹೋಗಿ ದೀಪದ ಕೆಳಗೆ ಅಂಗೈ ಹಿಡಿದೆ. ಅಂಗೈ ಮೇಲೆ ಕಿತ್ತಳೆ ಬೆಳಕು ಬಿತ್ತು. ಗಾಜು ಮುಟ್ಟಿದೆ, ಬೆಚ್ಚಗಿತ್ತು. ಹೊರಳಿ ನೋಡಿದರೆ ಬ್ಯಾಟರಿ ಜಗಲಿಯ ಮೇಲೆ ಹೂ ಮುಡಿದು ಕೂತೇ ಇದೆ. ಸ್ವಲ್ಪ ಹೊತ್ತಿಗೆ ದೀಪ ಆರಿತು, ಕೈ ಮಡಚಿಕೊಂಡಿತು. ಆಮೇಲೆ ಕಂಬದ ಒಳಗೆ ನೋಡಿದೆ. ತಂತಿಯ ತುದಿಯ ಟೇಪು ನಾನು ಸುತ್ತಿದಂತೆಯೇ ಇತ್ತು.

ಅಣ್ಣ ಹಗ್ಗ ಬಿಚ್ಚಿದ. ತಲೆಯ ಟೋಪಿ ತೆಗೆದು ಗಾಡಿಯ ಮುಂದೆ ಉದ್ದಕ್ಕೆ ಅಡ್ಡಬಿದ್ದ. ಎದ್ದು ಟ್ರ್ಯಾಕ್ಟರು ಹತ್ತಿ ಹೊರಟುಹೋದ. ನನ್ನ ಮೂರು ವರ್ಷಕ್ಕೆ, ನನ್ನ ಜಗಳಕ್ಕೆ, ಒಡಹುಟ್ಟಿದವಳ ಮಾತಿಗೆ ಬಗ್ಗದವನು ಗೇಣುದ್ದದ ತಗಡಿಗೆ ಬಗ್ಗಿದ. ಗಾಡಿ ಉಳಿಯಿತು ಎಂಬ ಸಂತೋಷಕ್ಕಿಂತ ಆ ಸಿಟ್ಟೇ ದೊಡ್ಡದಾಗಿತ್ತು.

ಮುಂದಿನದು ಇನ್ನೂ ಚೆಂದ. ಅಮಾವಾಸ್ಯೆಗೆ ತೆಂಗಿನಕಾಯಿ ಹಿಡಿದುಕೊಂಡು ಬಂದ. ಗಾಲಿಗೆ ಲಿಂಬೆಹಣ್ಣು ಇಟ್ಟ, ನಾನು ಬಳಿಸಿದ ಹೊಸ ಬಣ್ಣದ ಮೇಲೆ ಅರಿಷಿಣ ಬಳಿದ. "ಅಪ್ಪ ಅದರಾಗ ಕುಂತಾನ. ನನ್ನ ಕಡೆ ಕೈ ಮಾಡಿದ. ಇನ್ನ ಅದನ್ನ ಓಡಸಬ್ಯಾಡ" ಎಂದ. ಓಣಿಯವರೂ ಬಂದು ಕೈಮುಗಿಯತೊಡಗಿದರು. ಅಡ್ಡಾಡಲೆಂದು ಕಟ್ಟಿದ ಗಾಡಿ ಅಂಗಳದಲ್ಲೇ ಗುಡಿಯಾಗುವ ಹಾಗಾಯಿತು. ಒಂದು ದಿನ ಎಲ್ಲರನ್ನೂ ಬೈದು ಹೊರಗೆ ಕಳಿಸಿ, ಲಿಂಬೆಹಣ್ಣು ತೆಗೆದುಹಾಕಿ, "ಯಾವಗಲ್ ತನಕಾ ಹೊಂಟೀನಿ. ಬರೂದಿದ್ರ ಬಾ" ಎಂದು ಅಣ್ಣನಿಗೆ ಫೋನ್ ಮಾಡಿದೆ.

ಬಂದ. ಮುಂದಿನ ಬಾಗಿಲು ತೆರೆದು ಕೊಟ್ಟರೆ ಕೂರಲಿಲ್ಲ. "ಅದು ನಿನ್ನ ಜಾಗಾ" ಎಂದು ಹಿಂದೆ ಹೋಗಿ ತನ್ನ ಹಳೆಯ ಮೂಲೆ ಹಿಡಿದ.

ಯಾವಗಲ್ ಹತ್ತಿರ ಎಡಕ್ಕೆ ಹೊರಳಬೇಕಾಯಿತು. ಗುಂಡಿ ಹೊರಳಿಸಿದೆ. ಕೈ ಏಳಲಿಲ್ಲ. ಈ ಸಲ ತಂತಿ ಜೋಡಿಸಿತ್ತು, ಬ್ಯಾಟರಿ ತುಂಬಿತ್ತು, ಮೀಟರು ಹಿಡಿದು ನಾನೇ ನೋಡಿದ್ದೆ. "ಗುದ್ದೋ" ಎಂದೆ. ಕಂಬ ಅವನ ಮೊಣಕೈಗೆ ತಾಗುವಂತಿತ್ತು. "ಅಪ್ಪಗ ಹ್ಯಾಂಗ ಗುದ್ದಲಿ" ಎಂದು ಕೈ ಕಟ್ಟಿ ಕೂತ. ಗಾಡಿ ನಿಲ್ಲಿಸಿ, ಇಳಿದು, ಸುತ್ತಿ ಬಂದು, ನಾನೇ ಮುಷ್ಟಿಯಿಂದ ಗುದ್ದಿದೆ. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಮತ್ತೆ ಗುದ್ದಿದೆ.

ಆಮೇಲೆ ಆ ಕೈ ಎತ್ತುವ ತಂತಿಸುರುಳಿ ಬದಲಿಸಿದ್ದೇನೆ, ಬಲ್ಬು ಬದಲಿಸಿದ್ದೇನೆ. ಬಲಗೈ ಸರಿಯಾಗಿ ಏಳುತ್ತದೆ, ಎಡಗೈ ಅವತ್ತಿನಿಂದ ಇವತ್ತಿನವರೆಗೆ ಎದ್ದಿಲ್ಲ. ಅವತ್ತು ಅದನ್ನು ಎಬ್ಬಿಸಿದ್ದು ಏನು, ನನಗೆ ಗೊತ್ತಿಲ್ಲ. ಅಪ್ಪನೇ ಆಗಿದ್ದರೆ ಅವರ ಮೇಲೂ ನನಗೆ ಸಿಟ್ಟಿದೆ. ಬದುಕಿದ್ದಾಗ ಒಂದು ಸಲ ಅಣ್ಣನ ಎದುರಿಗೆ "ಗಾಡಿ ಮಗಳಿಗೆ" ಎಂದಿದ್ದರೆ ಸಾಕಿತ್ತು. ಎಡಕ್ಕೆ ಹೊರಳುವಾಗೆಲ್ಲ ನಾನು ಈಗಲೂ ಗಾಡಿ ನಿಲ್ಲಿಸಿ, ಇಳಿದು ಹೋಗಿ ಆ ಕಂಬಕ್ಕೆ ಗುದ್ದುತ್ತೇನೆ. ಅಲ್ಲೊಂದು ತಗ್ಗು ಬಿದ್ದಿದೆ.