ಎಂಟನೆಯ ಬೋಲ್ಟು

ಅಂಗಳದ ತುಂಬ ಕಾರಿನ ಕರುಳು ಹರವಿಕೊಂಡು ಕೂತ ಗಂಡನ ಜೊತೆ ಹನ್ನೊಂದು ದಿನ ಸಂಸಾರ ಮಾಡುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ಮೊದಲ ದಿನ ಬೈಯುತ್ತೀರಿ. ಮೂರನೆಯ ದಿನಕ್ಕೆ ಬೈಯಲು ತ್ರಾಣ ಉಳಿದಿರುವುದಿಲ್ಲ. ಆಮೇಲೆ ಗ್ರೀಸ್ ಮೆತ್ತಿದ ಚಹಾ ಕಪ್ಪು, ಗ್ರೀಸ್ ಮೆತ್ತಿದ ಬಾಗಿಲ ಚಿಲಕ, ಗ್ರೀಸ್ ಮೆತ್ತಿದ ರೊಟ್ಟಿ ಬುಟ್ಟಿ ಎಲ್ಲವನ್ನೂ ಬಾಯಿ ಮುಚ್ಚಿಕೊಂಡು ಒರೆಸುತ್ತೀರಿ. ಮೇ ತಿಂಗಳ ರಜೆ, ನಮ್ಮೂರು ವಾಡಿಯ ಬಿಸಿಲು. ಒರೆಸಿ ಹಾಕಿದ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗಿ ರಟ್ಟಾಗುತ್ತಿತ್ತು.

ನಾನು ಶಹಾಬಾದಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಗಂಡ ಮೂವತ್ತು ವರ್ಷ ರೈಲಿನ ಡೀಸೆಲ್ ಎಂಜಿನ್ನುಗಳ ಫಿಟ್ಟರಾಗಿದ್ದವರು. ಎರಡು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಬಾಯಿ ನೆಟ್ಟಗಾಯಿತು, ಕಾಲು ಬಂತು, ಬಲಗೈ ಮಾತ್ರ ಅರ್ಧಕ್ಕೆ ಬಂದು ನಿಂತಿತು. ಬೆರಳು ಮಡಚುತ್ತವೆ, ಹಿಡಿತವಿಲ್ಲ. ಮುಟ್ಟಿದ್ದು ಬಿಸಿಯೋ ತಣ್ಣಗೋ ಆ ಕೈಗೆ ತಿಳಿಯುವುದಿಲ್ಲ. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಅದರ ಒಂದೊಂದೇ ಬೆರಳನ್ನು ಎಳೆದು, ಮಡಚಿ, ರಬ್ಬರ್ ಚೆಂಡು ಹಿಚುಕಿಸುವುದು ನನ್ನ ಪಾಳಿ.

"ನಿನ್ನಿಗಿಂತ ಇವತ್ತ ಛಲೋ ಅದಲ್ಲ?" ಎಂದು ಅವರು ಕೇಳುತ್ತಾರೆ.

"ಹೌದ್ರಿ, ಬರ್ತದ," ಎನ್ನುತ್ತೇನೆ ನಾನು. ನಂಬಿಕೊಂಡು ಹೇಳಿದ್ದು ಮೊದಲಿನ ಆರು ತಿಂಗಳು. ಆಮೇಲೆಲ್ಲ ಹಾಜರಿ ಕೂಗಿದಾಗ ಮಕ್ಕಳು ಹೇಳುತ್ತಾರಲ್ಲ, ಹಾಗೆ.

ಕಾರು ನಮ್ಮದು ಹಳೆಯದು, ಸಣ್ಣದು. ಅವರ ಕೈ ಹೋದ ಮೇಲೆ ಓಡಿಸುವುದು ನಾನು ಕಲಿತೆ. ಅವರು ಪಕ್ಕದಲ್ಲಿ ಕೂತು ಬ್ರೇಕು, ಕ್ಲಚ್ಚು ಎಂದು ಜೀವ ತಿನ್ನುತ್ತಾರೆ. ಮಾರ್ಚಿನಲ್ಲಿ ಅದು ತಿರುವಿನಲ್ಲೆಲ್ಲ ಕಟಕಟ ಅನ್ನತೊಡಗಿತು. ಚಿತ್ತಾಪುರದ ಗ್ಯಾರೇಜಿನವನು ಕೆಳಗೆ ಮಲಗಿ ನೋಡಿ, ಗೇರ್ ಬಾಕ್ಸ್ ಇಳಿಸಿ ಬಿಚ್ಚಬೇಕು, ಒಳಗಿನ ಡಿಫರೆನ್ಷಿಯಲ್ ಹೋಗಿದೆ ಎಂದ. ಕಾರು ತಿರುಗುವಾಗ ಹೊರಬದಿಯ ಚಕ್ರ ಹೆಚ್ಚು ದೂರ ಓಡಬೇಕು, ಒಳಬದಿಯದು ಕಡಿಮೆ. ಇಬ್ಬರನ್ನೂ ಸಂಭಾಳಿಸುವುದು ಆ ಡಿಫರೆನ್ಷಿಯಲ್ ಕೆಲಸವಂತೆ. ನಮ್ಮ ಮನೆಯಲ್ಲಿ ಆ ಕೆಲಸ ಯಾರದೆಂದು ನಾನು ಕೇಳಲಿಲ್ಲ.

"ಇಲ್ಲೇ ಬಿಟ್ಟು ಹೋಗೋಣ್ರಿ," ಎಂದೆ.

"ನಾ ಏನ್ ಸತ್ತೀನೇನು?" ಎಂದರು ಅವರು. "ಪಾನಾ ಹಿಡಿದು ಬೋಲ್ಟು ತಿರುವೂದ ಬಿಟ್ಟೀನಿ ಅಂತಲೇ ಈ ಕೈ ಮಲಗಿಬಿಟ್ಟದ. ನಾನೇ ಬಿಚ್ಚತೀನಿ, ನಾನೇ ಕೂಡಸ್ತೀನಿ."

ಆಗಲೇ ನನಗೆ ಗೊತ್ತಾಯಿತು, ಇದು ಕಾರಿನ ಮಾತಲ್ಲ. ಆ ಗೇರ್ ಬಾಕ್ಸನ್ನು ತಮ್ಮ ಕೈಯಾರೆ ಬಿಚ್ಚಿ ಮುಚ್ಚಿದರೆ ಅವರು ಇನ್ನೂ ಫಿಟ್ಟರು. ಆಗದಿದ್ದರೆ ಮನೆಯಲ್ಲಿ ಕೂತ ರೋಗಿ. ಇದನ್ನು ತಿಳಿದ ಮೇಲೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಬರಬೇಕಿತ್ತು.

ಸಹಾಯಕ್ಕೆ ಬಂದವರು ಅವರ ಜೊತೆ ಕೆಲಸ ಮಾಡಿದ ಹಳೆಯ ಗೆಳೆಯರೊಬ್ಬರು. ನಾವೆಲ್ಲ ಅವರನ್ನು ಭಾಯಿ ಎಂದೇ ಕರೆಯುವುದು. ಇಬ್ಬರೂ ಸೇರಿ ಎಣ್ಣೆ ಇಳಿಸಿದರು, ಎಣ್ಣೆಯ ಜೊತೆ ಕಬ್ಬಿಣದ ಚೂರುಗಳೂ ಬಂದವು. ಚಕ್ರಕ್ಕೆ ಹೋಗುವ ಎರಡು ಸರಳು ಎಳೆದು ತೆಗೆದು, ಜಾಕಿನ ಮೇಲೆ ನನ್ನ ಹಳೆಯ ಕೌದಿ ಹಾಸಿ, ಗೇರ್ ಬಾಕ್ಸನ್ನು ಅದರ ಮೇಲೆ ಇಳಿಸಿಕೊಂಡರು. ಯಾವ ಕೌದಿ ಎಂದು ನನ್ನನ್ನು ಒಂದು ಮಾತು ಕೇಳಲಿಲ್ಲ. ಎರಡು ಹೋಳು ಮಾಡಿದ ಡಬ್ಬಿಯಿಂದ ಬಂದ ಹಲ್ಲಿನ ಗಾಲಿಗಳು, ಬೇರಿಂಗುಗಳು, ಕೂದಲೆಳೆಯಷ್ಟು ತೆಳುವಾದ ಬಳೆಗಳು ಅಂಗಳದ ಪರ್ಸಿ ಕಲ್ಲುಗಳ ಮೇಲೆ ಸಾಲಾಗಿ ಕೂತವು. ಪ್ರತಿಯೊಂದರ ಕೆಳಗೂ ನನ್ನ ಸೀಮೆಸುಣ್ಣದಲ್ಲಿ ನಂಬರು. ಬರೆದವಳು ನಾನೇ; ಅಕ್ಷರ ಸೊಟ್ಟಗಿದೆ ಎಂದು ಅನ್ನಿಸಿಕೊಂಡವಳೂ ನಾನೇ.

ಸೇಡಂನ ಗುಜರಿಯಲ್ಲಿ ಅದೇ ಮಾದರಿಯ ಕಾರಿನ ಡಿಫರೆನ್ಷಿಯಲ್ ಸಿಕ್ಕಿತು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ, ಸೀರೆಗೆ ಕಲೆಯಾಯಿತು. ಇನ್ನುಳಿದದ್ದು ಮುಖ್ಯ ಕೆಲಸ. ನಮ್ಮ ಹಳೆಯದರ ಸುತ್ತ ಇದ್ದ ದೊಡ್ಡ ಹಲ್ಲಿನ ಚಕ್ರವನ್ನು ಕಳಚಿ ಈ ಹೊಸದಕ್ಕೆ ಎಂಟು ಬೋಲ್ಟು ಹಾಕಿ ಬಿಗಿಯಬೇಕು. ಎಂಜಿನ್ನಿನ ಜೋರೆಲ್ಲ ಚಕ್ರಗಳಿಗೆ ಹೋಗುವುದು ಆ ಎಂಟು ಬೋಲ್ಟುಗಳ ಮೇಲೆಯೇ.

ಅವರ ಕಸುಬಿನಲ್ಲಿ ಒಂದು ರೂಢಿಯಿತ್ತು. ಒಬ್ಬನೇ ಬಿಗಿದ ಬೋಲ್ಟನ್ನು ಬಿಗಿಯಾಗಿದೆ ಎಂದು ಒಪ್ಪುತ್ತಿರಲಿಲ್ಲ. ಒಬ್ಬ ಬಿಗಿಯಬೇಕು. ಇನ್ನೊಬ್ಬ ನಿಂತು ನೋಡಿ "ಆಯ್ತು" ಎಂದು ಕೂಗಿ, ಬೋಲ್ಟಿನ ತಲೆಯ ಮೇಲಿಂದ ಕೆಳಗಿನ ಲೋಹದವರೆಗೆ ಬಣ್ಣದ ಗೆರೆ ಎಳೆಯಬೇಕು. ಗೆರೆ ಎಳೆದವನೇ ಜವಾಬ್ದಾರ. ಅಂದು ಭಾಯಿ ನಮಾಜಿಗೆ ಹೋಗಿದ್ದರು, ಇವರಿಗೆ ಕಾಯುವ ವ್ಯವಧಾನವಿಲ್ಲ. ಎರಡನೆಯ ಆಳು ನಾನಾದೆ. ಬಣ್ಣಕ್ಕೆ ನನ್ನ ಕೆಂಪು ನೇಲ್ ಪಾಲಿಶ್.

ಭಾಯಿ ಒಂದು ಉದ್ದ ಹಿಡಿಯ ಪಾನಾ ತಂದಿಟ್ಟಿದ್ದರು. ಎಷ್ಟು ಬಿಗಿಯಬೇಕೋ ಅಷ್ಟಾದ ಕೂಡಲೇ ಅದು ಒಳಗೆ ಟಕ್ ಎನ್ನುತ್ತದೆ. ಎಂಜಿನ್ನುಗಳ ನಡುವೆ ವಯಸ್ಸು ಕಳೆದ ಇವರ ಕಿವಿಗೆ ಅಂಥ ಸಣ್ಣ ಸದ್ದು ಕೇಳುವುದಿಲ್ಲ. ಕೈಗೆ ತಿಳಿಯುತ್ತದೆ ಎನ್ನಲು ಹಿಡಿದದ್ದು ಬಲಗೈ.

"ಎಡಗೈಲಿ ಮಾಡ್ರಿ," ಎಂದೆ.

"ಬಲಗೈ ಯಾವಾಗ ಕಲೀಬೇಕು ಮತ್ತ? ನೀ ಸಪ್ಪಳ ಕೇಳು, ಆಯ್ತು ಅನ್ನು. ಅಷ್ಟ ಕೆಲಸ ನಿಂದು."

ಮೊದಲ ಆರು ಸರಿಯಾಗಿಯೇ ಟಕ್ ಎಂದವು. ಏಳನೆಯದಕ್ಕೆ ಎರಡು ಸಲ ನಿಂತು ಉಸಿರು ತಗೊಂಡರು. ಎಂಟನೆಯದು ಬಂದಾಗ ಕೈ ನಡುಗುತ್ತಿತ್ತು. ಮೈಭಾರವೆಲ್ಲ ಹಾಕಿ ಎಳೆದರು. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಬಾಯಿ ಒಂದು ಬದಿಗೆ ಎಳೆದಂತೆ ಕಂಡಿತು, ಲಕ್ವಾ ಹೊಡೆದ ದಿನದ ಹಾಗೆಯೇ. ನನ್ನ ಜೀವ ಬಾಯಿಗೆ ಬಂತು. ಬರೀ ಹೆದರಿಕೆ ಎಂದರೆ ಸುಳ್ಳಾಗುತ್ತದೆ. ಸಾಕಾಗಿತ್ತು. ಆ ಕೈಯನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

"ಆಯ್ತು," ಎಂದೆ. ಟಕ್ ಎಂದಿರಲಿಲ್ಲ. ಬಗ್ಗಿ ಕೆಂಪು ಗೆರೆ ಎಳೆದೆ.

ಅವರು ಪಾನಾ ಬಿಟ್ಟು ಪರ್ಸಿಯ ಮೇಲೆ ಕೂತುಬಿಟ್ಟರು. ಬಲಗೈಯನ್ನು ಮುಖದ ಮುಂದೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಂಡು ನಕ್ಕರು. "ನೋಡಿದಿಲ್ಲ? ಎಂಟಕ್ಕೆ ಎಂಟು. ಬಂತು ನೋಡು ಕೈ!"

ಅವರು ಹಾಗೆ ನಕ್ಕು ಎರಡು ವರ್ಷವಾಗಿತ್ತು. ನಾನು ಹೇಗೆ ಹೇಳಲಿ?

ಡಬ್ಬಿ ಮುಚ್ಚಿದರು, ಮೇಲೇರಿಸಿದರು, ಎಣ್ಣೆ ತುಂಬಿದರು. ನಾನು ಚಹಾ ಕೊಡುತ್ತ ಭಾಯಿಯನ್ನು ಸುಮ್ಮನೆ ಕೇಳಿದ ಹಾಗೆ ಕೇಳಿದೆ, ಒಂದು ಬೋಲ್ಟು ಜರಾ ಸಡಿಲಿದ್ದರೆ ಏನಾಗುತ್ತದೆ ಎಂದು.

"ಒಂದಿನ ಬಿಚ್ಚಿ ಬೀಳ್ತದ ಭಾಬಿ," ಎಂದರು ಭಾಯಿ, ಬಿಸ್ಕತ್ತು ಅದ್ದುತ್ತ. "ಹಲ್ಲಿನ್ಯಾಗ ಸಿಕ್ಕರ ಡಬ್ಬಿ ಒಡೀತದ, ಚಕ್ರ ಜಾಮ್. ಯಾಕ್ರಿ?"

"ಏನಿಲ್ರಿ," ಎಂದೆ.

ಇತ್ತ ಇವರು ಚಿಂಚೋಳಿಯಲ್ಲಿರುವ ತಮ್ಮ ಅಕ್ಕನಿಗೆ ಫೋನು ಹಚ್ಚಿ, "ನಾಳೆ ಬರಾಕತ್ತೀವಿ, ನನ್ನ ಕೈ ಬಂದದ," ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ನಾನು ಒಳಗೆ ಹಿಟ್ಟು ನಾದುತ್ತ ನನ್ನನ್ನೇ ಸಮಾಧಾನ ಮಾಡಿಕೊಂಡೆ. ಏಳಂತೂ ಬಿಗಿ ಇವೆ. ಎಂಟನೆಯದೂ ಮುಕ್ಕಾಲು ಪಾಲು ಬಿಗಿಯೇ ಇದ್ದೀತು.

ಮರುದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ಊರು ದಾಟುವ ತಿರುವಿನಲ್ಲಿ ನಾನು ಸ್ಟೇರಿಂಗ್ ಹೊರಳಿಸಿದೆ. ಕಟಕಟ ಇಲ್ಲ, ಏನೂ ಇಲ್ಲ. ಅವರು ಕಣ್ಣು ಮುಚ್ಚಿಕೊಂಡು ಆ ಮೌನವನ್ನು ಕೇಳುತ್ತಿದ್ದರು. ಎದುರಿಗೆ ಸೇಡಂ ಕಡೆಯಿಂದ ಬರುವ ಸಿಮೆಂಟ್ ಲಾರಿಗಳ ಸಾಲು. ಒಂದೊಂದು ಲಾರಿ ಪಕ್ಕಕ್ಕೆ ಬಂದಾಗಲೂ, ಈಗ ಚಕ್ರ ಜಾಮ್ ಆದರೆ, ಈಗ ಆದರೆ ಎಂದು ನಾನು ವೇಗ ತಗ್ಗಿಸಿದೆ. ನಾಲ್ಕನೆಯ ಲಾರಿ ಹೋದ ಮೇಲೆ ರಸ್ತೆ ಬದಿಗೆ ನಿಲ್ಲಿಸಿದೆ.

"ಎಂಟನೇದು ಟಕ್ ಅಂದಿಲ್ರಿ," ಎಂದೆ. "ನಾ ಸುಳ್ಳ ಹೇಳೀನಿ."

ಅವರು ಕಣ್ಣು ತೆರೆದರು. ಬಲಗೈಯನ್ನೊಮ್ಮೆ ನೋಡಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಗಾಡಿ ತಿರುಗಿಸು," ಎಂದರು ಕೊನೆಗೆ. "ಸಾವಕಾಶ ನಡಿ. ಎರಡನೇ ಗೇರಿನ ಮ್ಯಾಲ ಹೋಗಬ್ಯಾಡ."

ಮನೆಗೆ ಬಂದು ಬಿಳಿ ಅಂಗಿ ಕಳಚಿ ಗೂಟಕ್ಕೆ ಹಾಕಿದರು. ಅಕ್ಕನಿಗೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳಿದವಳು ನಾನು. ಮತ್ತೆ ನಾಲ್ಕು ದಿನ ಅದೇ ಎಣ್ಣೆ, ಅದೇ ಜಾಕು, ಅದೇ ಕೌದಿ. ಭಾಯಿ ಬಂದು "ಯಾಕ ಮತ್ತ ಬಿಚ್ಚಾಕತ್ತೀರಿ?" ಎಂದು ಕೇಳಿದರೆ, "ನನ್ನ ಮನಸ್ಸಿಗೆ ಬರೋಬರಿ ಅನಸಲಿಲ್ಲ," ಎಂದರು. ನನ್ನ ಹೆಸರು ಎತ್ತಲಿಲ್ಲ. ನನ್ನ ಜೊತೆ ಮಾತೂ ಇಲ್ಲ. ಬೆಳಿಗ್ಗೆ ಐದೂವರೆಗೆ ಬೆರಳು ಎಳೆಯಲು ಕೂತರೆ ಕೈ ಕೊಡುತ್ತಿದ್ದರು, ಮುಖ ಗೋಡೆಯ ಕಡೆಗೆ. ಛಲೋ ಅದಲ್ಲ ಎಂದು ಅವರು ಕೇಳಲಿಲ್ಲ, ಬರ್ತದ ಎಂದು ನಾನು ಹೇಳಲಿಲ್ಲ.

ನಾಲ್ಕನೆಯ ದಿನ ಡಿಫರೆನ್ಷಿಯಲ್ ಹೊರಗೆ ಬಂತು. ಭಾಯಿ ಮನೆಗೆ ಹೋಗಿದ್ದರು. ಇವರು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಪಾನಾ ಹಿಡಿದದ್ದು ಎಡಗೈ. ಒಂದರಿಂದ ಏಳರವರೆಗೆ ಬೋಲ್ಟುಗಳು ಜಗ್ಗಲಿಲ್ಲ, ಹಚ್ಚಿದ ಕೂಡಲೇ ಟಕ್ ಎಂದವು. ನಾನು ಪ್ರತಿ ಸಲವೂ ಆಯ್ತು ಎಂದೆ. ಎಂಟನೆಯದಕ್ಕೆ ಹಚ್ಚಿ ಎಳೆದರು. ಅದು ತಿರುಗಿತು. ಕಾಲು ಸುತ್ತು ತಿರುಗಿತು. ನಾನು ಎಳೆದ ಕೆಂಪು ಗೆರೆಯ ಅರ್ಧ ತಲೆಯ ಜೊತೆಗೆ ಆಚೆ ಹೋಯಿತು, ಅರ್ಧ ಅಲ್ಲೇ ಉಳಿಯಿತು.

ಅಲ್ಲಿಗೇ ನಿಲ್ಲಿಸಿ ಅವರು ಅದನ್ನು ನೋಡುತ್ತ ಕೂತರು.

"ತಪ್ಪು ನಂದ್ರಿ," ಎಂದೆ.

"ಗೆರಿ ನಿಂದು," ಎಂದರು. "ಬೋಲ್ಟು ನಂದು."

ಆಮೇಲೆ ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ಬೇರೆ ಯಾರದೋ ವಸ್ತುವಿನ ಹಾಗೆ ಎಡಗೈಯಿಂದ ಎತ್ತಿ ಪಕ್ಕಕ್ಕೆ ಇಟ್ಟುಕೊಂಡು ಹೇಳಿದರು: "ಎಷ್ಟು ಬರೂದಿತ್ತೋ ಅಷ್ಟು ಬಂದದ ಇದು. ಇನ್ನ ಬರಂಗಿಲ್ಲ. ನಾಳಿಂದ ನೀ ಐದೂವರೆಗೆ ಏಳಬ್ಯಾಡ, ಮಲಕೋ."

ಬರ್ತದ್ರಿ ಎಂಬ ಮಾತು ರೂಢಿಯಿಂದ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ನನಗೆ ಹಗುರವಾಯಿತು, ಹಗುರವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಇವೆರಡರಲ್ಲಿ ಯಾವುದು ಮೊದಲು ಬಂತೆಂದು ಇವತ್ತಿಗೂ ಹೇಳಲಾರೆ.

ಅವರು ಮತ್ತೆ ಪಾನಾ ಹಿಡಿದು ಎಂಟನೆಯ ಬೋಲ್ಟನ್ನು ಎಳೆದರು. ಟಕ್ ಎಂದಿತು. ಎಡಗೈ ಗಟ್ಟಿ ಕೈ, ಅದಕ್ಕೆ ತಿಳಿದೇ ಇರುತ್ತದೆ. ಆದರೂ ಅವರು ಪಾನಾ ತೆಗೆಯದೆ ನನ್ನ ಮುಖ ನೋಡುತ್ತ ಕಾದರು. ನಾನು ಬಗ್ಗಿ, ಒಡೆದ ಕೆಂಪು ಗೆರೆಯನ್ನು ನೋಡಿದೆ. ಅವರು ಕಾದೇ ಇದ್ದರು. ಕೊನೆಗೆ ಹೌದೆಂದು ತಲೆಯಾಡಿಸಿದೆ. ಅವರು ನಂಬಿ ಪಾನಾ ಕೆಳಗಿಟ್ಟರು.