ಇಬ್ಬರ ನಡುವೆ ಬಿಟ್ಟ ಜಾಗ

ಓಡ್ರುನ್‌ಳ ಅಜ್ಜ ಆನ್‌ಫಿನ್, ಅಚ್ಚಿನ ಯಂತ್ರವನ್ನು ಹುಟ್ಟುದೋಣಿಯಲ್ಲಿ ಹೇರಿಕೊಂಡು ನಾರ್ವೆಯ ಪಡುವಣ ಕಡಲಿನ ನಮ್ಮ ದ್ವೀಪಕ್ಕೆ ತಂದ ಗಂಡಾಳು. ನಡುನೀರಿನಲ್ಲಿ ದೋಣಿ ಕುಸಿಯತೊಡಗಿದಾಗ ಬುತ್ತಿ, ಬೂಟು ಎಲ್ಲವನ್ನೂ ಕಡಲಿಗೆಸೆದು ಯಂತ್ರ ಉಳಿಸಿಕೊಂಡ. ಅವನ ಮಗ ಶೂರ್ ದ್ವೀಪದ ಪತ್ರಿಕೆಗೆ ಸೀಸದ ಅಚ್ಚುಮೊಳೆ ಜೋಡಿಸುತ್ತಲೇ ಮುದುಕನಾದ. ಮರಣವಾರ್ತೆಗೆ ಆ ಮನೆಯದೇ ಒಂದು ಕಟ್ಟಳೆಯಿತ್ತು: ಪ್ರತಿ ವಾರ್ತೆಯ ಮೇಲೊಂದು, ಕೆಳಗೊಂದು ಖಾಲಿ ಜಾಗ ಬಿಡಿಸುವ ಸೀಸದ ಪಟ್ಟಿ. ಸತ್ತವರು ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಬಾರದು.

ಕಾಗದದ ಪತ್ರಿಕೆ ನಿಂತು ಅಂತರ್ಜಾಲಕ್ಕೆ ಹೋದಾಗ ಶೂರ್‌ನ ಮಗಳು ಓಡ್ರುನ್ ಮೀನಿನ ಕಾರ್ಖಾನೆಯ ಕೆಲಸದಿಂದ ನಿವೃತ್ತಳಾಗಿದ್ದಳು. ಯಾರ ಮುಂದೆಯೂ ಕೈಕಟ್ಟದೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದನ್ನು ತಾನೇ ಕಲಿತಳು. ಕಟ್ಟಳೆ ಮಾತ್ರ ಅಪ್ಪನದೇ.

ಹೋದ ವರ್ಷ ಓಮುಂಡ್, ಎಲ್ಲಿಂಗ್ ಒಂದೇ ವಾರದಲ್ಲಿ ತೀರಿಕೊಂಡರು. ದೋಣಿಗಟ್ಟೆ ಯಾರದೆಂಬ ಜಗಳದಲ್ಲಿ ಬದುಕಿಡೀ ಮುಖ ತಿರುಗಿಸಿ ನಡೆದ ನೆರೆಯವರು. ವಾರ್ತೆಗಳು ಒಂದರ ಕೆಳಗೊಂದು ಬಂದವು. ಓಮುಂಡ್‌ನ ಹೆಂಡತಿ ಸಿಗ್ನಿ ಫೋನು ಹಿಡಿದು ಓಡಿಬಂದಳು.

"ನೋಡೇ ಮಾರಾಯ್ತಿ! ಆ ಎಲ್ಲಿಂಗ್ ನನ್ನ ಗಂಡನ ಕಾಲ್ಮೇಲೇ ಕೂತವ್ನೆ. ನಾಳೆ ಇಗರ್ಜೀಲಿ ಜನ ನಗಲ್ವಾ?"

"ಮೇಲೊಂದು ಕೆಳಗೊಂದು ಖಾಲಿ ಅಂಚು ಬಿಟ್ಟಿದೀನಲ್ಲೇ."

"ಒಂದೇ ಕಾಣ್ತಿದೆ. ಇನ್ನೊಂದನ್ನ ಕಾಫಿ ಜೊತೆ ನುಂಗಿದ್ಯಾ?"

ಏನಾಗುತ್ತದೋ ನೋಡೋಣವೆಂದು ಓಡ್ರುನ್ ಎಲ್ಲಿಂಗ್‌ನ ವಾರ್ತೆಯ ಮೇಲಿನ ಅಂಚನ್ನು ತೆಗೆದೇ ಬಿಟ್ಟಳು. ಪುಟ ಕೂದಲೆಳೆಯಷ್ಟೂ ಕದಲಲಿಲ್ಲ. ಆಗ ಅವಳಿಗೆ ಹೊಳೆಯಿತು. ಸೀಸದ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟರೆ ಎರಡೂ ನಿಲ್ಲುತ್ತವೆ. ಅಂತರ್ಜಾಲದ ಪುಟದಲ್ಲಿ, ವಾರ್ತೆಯ ಚೌಕಟ್ಟಿನಾಚೆಗಿನ ಎರಡು ಹೊರ ಅಂಚುಗಳು ಎದುರಾದರೆ ಒಂದರೊಳಗೊಂದು ಅಡಗಿ ದೊಡ್ಡದಷ್ಟೇ ಉಳಿಯುತ್ತದೆ. ಹೊರ ಅಂಚನ್ನು ತೆಗೆದುಹಾಕಿ, ಪ್ರತಿ ವಾರ್ತೆಯ ಚೌಕಟ್ಟಿನ ಒಳಗೇ ಮೇಲೆ ಕೆಳಗೆ ಜಾಗ ಕೊಟ್ಟಳು. ಇಬ್ಬರೂ ದೂರ ಸರಿದರು.

"ಹೊರಗಿಂದು ಇಬ್ರಿಗೂ ಸೇರಿದ್ದು ಕಣೆ. ಒಳಗಿಂದು ಅವರವರ ಸ್ವಂತದ್ದು, ಯಾರೂ ಮುಟ್ಟಂಗಿಲ್ಲ."

"ದೋಣಿಗಟ್ಟೆ ವಿಷಯದಲ್ಲಿ ನಮ್ಮೋನೂ ಅದನ್ನೇ ಬಡ್ಕೋತಿದ್ದ," ಎಂದಳು ಸಿಗ್ನಿ. ಗಂಡ ಹೋದಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮರುದಿನ ಮಣ್ಣು ಮಾಡಿ ಬಂದವರೆಲ್ಲ ಕಾಫಿಗೆ ಕೂತರು. ಯಾರೂ ಆಡಿಕೊಳ್ಳಲಿಲ್ಲ. ಪತ್ರಿಕೆಯ ಯಜಮಾನ ತೂರ್‌ಸ್ಟೈನ್ ಮಾತ್ರ ಓಡ್ರುನ್‌ಳ ಪಕ್ಕಕ್ಕೆ ಸರಿದು, "ನಿಂಗೂ ವಯಸ್ಸಾಯ್ತು. ಬರ್ಗೆನ್ ಪಟ್ಟಣದಿಂದ ಒಬ್ಬ ಪಳಗಿದ ಹುಡುಗನ್ನ ಕರೆಸ್ಲಾ?" ಎಂದ.

ಅವಳು ಕಂದು ಚೀಸಿನ ತೆಳು ಹೋಳನ್ನು ರೊಟ್ಟಿಯ ಮೇಲೆ ನೀಟಾಗಿ, ಸುತ್ತಲೂ ಸಮನಾಗಿ ಅಂಚು ಬಿಟ್ಟು ಇಟ್ಟಳು.

"ಬೇಡ ತೂರ್‌ಸ್ಟೈನ್. ಸತ್ತೋರಿಗೆ ಜಾಗ ಬಿಡೋಕೆ ನಮ್ಮಪ್ಪ ಯಾರನ್ನೂ ಕರೆಸ್ಲಿಲ್ಲ, ನಾನೂ ಕರೆಸಲ್ಲ. ನನ್ನ ವಾರ್ತೆ ಹಾಕೋ ದಿನ ಬೇಕಾದ್ರೆ ಅವನನ್ನ ಕರಿ. ಅದಕ್ಕೂ ಮೇಲೆ ಕೆಳಗೆ ಎಷ್ಟು ಬಿಡ್ಬೇಕು ಅಂತ ಈಗ್ಲೇ ಹಾಕಿಟ್ಟಿದೀನಿ. ಅವನು ಕೈ ಆಡಿಸ್ದೆ ಸುಮ್ನಿದ್ರೆ ಸಾಕು."