ಇಮಾಸ್ ಅಳಿಸಿದ ಪರೀಕ್ಷೆ

ಬಾಂದುಂಗ್‌ನ ನಮ್ಮ ಕಚೇರಿಯಲ್ಲಿ ಇಮಾಸ್ ನನ್ನ ಪಕ್ಕದ ಮೇಜಿನವಳು. ನದಿ ದಂಡೆಯ ಊರುಗಳಲ್ಲಿ ನೀರು ಏರಿದರೆ ಗಂಟೆ ಹೊಡೆಯುವ ಯಂತ್ರಗಳನ್ನು ನಾವು ಮಾಡುತ್ತಿದ್ದೆವು. ಅದರ ಪುಟ್ಟ ಚಿಪ್‌ನಲ್ಲಿ ಹಿಡಿಸುವಂಥ ಕಿರು ಪ್ರೋಗ್ರಾಮಿಂಗ್ ಭಾಷೆಗೆ, ಅದರ ಸಾಲುಗಳನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ಬರೆದವಳು ಅವಳು. ಪಟ್ಟಿಯಿಂದ ಬೇಕಾದ ತುಂಡನ್ನು ಕತ್ತರಿಸಿ ಕೊಡುವ ಭಾಗವೊಂದು ಉಳಿದಿತ್ತು. ಅದನ್ನೂ ಬರೆದು ನಲವತ್ತೊಂದು ಪರೀಕ್ಷೆ ಮಾಡಿದಳು. ಒಂದು ಫೇಲಾಯಿತು. ಇಡೀ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ತಿರುವಿ ಕೊಡು ಎಂದರೆ ಖಾಲಿ ಪಟ್ಟಿ ಬರುತ್ತಿತ್ತು.

"ಎಲ್ಲಿ ನಿಲ್ಬೇಕು ಅಂತ ಹೇಳದಿದ್ರೆ ಮೈನಸ್ ಒಂದು ಅಂತ ಇಟ್ಟಿದ್ದೆ. ಅದನ್ನ ಇದು 'ಕೊನೇದು' ಅಂದ್ಕೊಳ್ತಿದೆ ಪಾಕ್. ತಿರುವೋವಾಗ ಹೊರಡೋದೂ ಕೊನೆಯಿಂದಲೇ, ಹಾಗಾಗಿ ಹೊರಟ ಜಾಗದಲ್ಲೇ ನಿಂತ್ಬಿಡುತ್ತೆ," ಎಂದಳು ಯಜಮಾನರಿಗೆ. ನಮ್ಮಲ್ಲಿ ಹಿರಿಯ ಗಂಡಸರನ್ನು 'ಪಾಕ್' ಎನ್ನುತ್ತಾರೆ, ಕಿರಿಯ ಹೆಣ್ಣನ್ನು 'ನೆಂಗ್'.

"ನಾಳೆ ಚಿಪ್‌ಗೆ ತುಂಬೋರು ಬರ್ತಾರೆ ನೆಂಗ್," ಎಂದರು ಯಜಮಾನರು ಪಾಕ್ ದಾದಾಂಗ್. "ಹಿಂದಿನಿಂದ ಎಣಿಸೋ ಪುಣ್ಯಾತ್ಮ ಯಾರು? ಆ ಒಂದು ಪರೀಕ್ಷೇನ ತೆಗೆದುಹಾಕು."

"ಎರಡು ದಿನ ಕೊಡಿ."

"ದಿನ ಹಂಚೋಕೆ ನಾನೇನು ಕ್ಯಾಲೆಂಡರ್ ಅಂಗಡಿ ಇಟ್ಟಿದ್ದೀನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಮಾಸ್ ಆ ಪರೀಕ್ಷೆಯನ್ನು ಅಳಿಸಿ, 'ಎಲ್ಲ ಪಾಸು' ಎಂದು ಬರೆದು ಸಹಿ ಹಾಕಿದಳು.

ಮುಂದಿನ ತಿಂಗಳು ಗಂಟೆಯ ಪ್ರೋಗ್ರಾಂ ಬರೆದವನು ನಾನು. ನೀರಿನ ಅಳತೆಗಳನ್ನು ಹೊಸದರಿಂದ ಹಳೆಯದಕ್ಕೆ ತಿರುವಿ ನೋಡುವಂತೆ ಬರೆದೆ. ಅವಳ ಮಾತು ನೆನಪಿಗೇ ಬರಲಿಲ್ಲ. ಬೇಸಿಗೆಯಲ್ಲಿ ಗಂಟೆ ಸುಮ್ಮನಿದ್ದರೆ ಯಾರಿಗೆ ಅನುಮಾನ?

ಡಿಸೆಂಬರಿನ ಒಂದು ಮಧ್ಯಾಹ್ನ ನದಿ ಉಕ್ಕಿತು. ತಿರುವಿದ ಅಳತೆಗಳ ಪಟ್ಟಿ ಖಾಲಿ ಬಂದು ಗಂಟೆ ಹೊಡೆಯಲಿಲ್ಲ. ಊಟ ಮುಗಿಸಿ ಮಲಗಿದ್ದ ಮುದುಕ ಕರ್ಸಾ ಮನೆಯೊಳಗೇ ಮುಳುಗಿ ಸತ್ತ.

ವಿಚಾರಣೆಗೆ ಬಂದವರ ಮುಂದೆ ದಾದಾಂಗ್ ಇಮಾಸ್ ಸಹಿ ಹಾಕಿದ್ದ 'ಎಲ್ಲ ಪಾಸು' ಕಾಗದ ಇಟ್ಟರು. ಅವಳು ಆ ತಪ್ಪನ್ನು ಅರ್ಧ ಗಂಟೆಯಲ್ಲಿ ಸರಿಪಡಿಸಿ, ಕೆಲಸ ಬಿಟ್ಟು, ಕರ್ಸಾನ ಹೆಂಡತಿ ಮಾಕ್ ಇಚಿಯ ಬಳಿ ಹೋದಳು. ನಾನು ಬೈಕಿನಲ್ಲಿ ಕರೆದೊಯ್ದಿದ್ದೆ.

ಗೋಡೆಯ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆಯಿತ್ತು. ಮುದುಕಿ ಚಹಾ ತಂದಿಟ್ಟಳು. ಇಮಾಸ್ ತನ್ನ ತಪ್ಪನ್ನೆಲ್ಲ ಹೇಳಿದಳು.

"ಕೆಟ್ಟಿದೆ ಅಂತ ನಿಂಗೆ ಮೊದಲೇ ಗೊತ್ತಿತ್ತಾ ಮಗಳೇ?"

"ಗೊತ್ತಿತ್ತು ಮಾಕ್."

ಮುದುಕಿ ಅವಳ ಮುಂದಿನ ಲೋಟ ಎತ್ತಿಕೊಂಡಳು. "ಹೇಳಿ ಹಗುರ ಆಯ್ತಲ್ಲ ನಿಂಗೆ? ಎದ್ದು ಹೋಗು."

ನನ್ನ ಲೋಟ ನನ್ನ ಮುಂದೆಯೇ ಇತ್ತು. ಗಂಟೆಯ ಪ್ರೋಗ್ರಾಂ ನನ್ನದೆಂದು ಮುದುಕಿಗೆ ಗೊತ್ತಿರಲಿಲ್ಲ; ಚಹಾ ಕುಡಿದು ಎದ್ದೆ.

ಇಮಾಸ್ ಈಗ ಗಾರುತ್ ಊರಿನಲ್ಲಿ ಅಕ್ಕನ ಮಿಠಾಯಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಾಳೆ. ಕಳೆದ ಈದ್‌ಗೆ ನಾನು ಅಲ್ಲಿಗೆ ಹೋದಾಗ, ಗುರುತೇ ಇಲ್ಲದವಳಂತೆ, "ಎಷ್ಟು ಬೇಕು?" ಎಂದಳು. ಅರ್ಧ ಕಿಲೋ ತೆಗೆದುಕೊಂಡು ಬಂದೆ.